ಕೈಗಾರಿಕಾ ತ್ಯಾಜ್ಯ ಅನಿಲಗಳಿಂದ ಸೂಕ್ಷ್ಮಜೀವಿ ಪ್ರೋಟೀನ್: ಹಾಸನ ಜಿಲ್ಲೆಯ ಹೈನುಗಾರರು ಹಾಗೂ ಉದ್ಯಮಾಸಕ್ತರಿಗೆ ಮಾಹಿತಿ

1. ಪೀಠಿಕೆ

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿ ಹಾಗೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ವ್ಯವಸಾಯದ ಜೊತೆಗೆ ಹೈನುಗಾರಿಕೆಯು ಬಹುಪಾಲು ಕುಟುಂಬಗಳ ಆದಾಯದ ಮೂಲವಾಗಿರುತ್ತದೆ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಮೇವು ಮತ್ತು ಪಶು ಆಹಾರದ ಪಾಲೇ ಅತಿ ಹೆಚ್ಚು. ಪಶು ಆಹಾರದಲ್ಲಿ ದುಬಾರಿಯಾದ ಅಂಶವೆಂದರೆ ಪ್ರೋಟೀನ್, ಅಂದರೆ ಸಸಾರಜನಕ. ಇದನ್ನು ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ಹಾಗೂ ಸೋಯಾ ಹಿಂಡಿಗಳಿಂದ ಪಡೆಯಲಾಗುತ್ತದೆ.

ಕಾರ್ಖಾನೆಗಳಿಂದ ಹೊರಬರುವ ಅನಿಲಗಳನ್ನು ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ನೀಡಿ, ಆ ಜೀವಿಗಳಿಂದಲೇ ಪ್ರೋಟೀನ್ ಪಡೆಯುವ ತಂತ್ರಜ್ಞಾನವು ಬೆಂಗಳೂರನ್ನೂ ಒಳಗೊಂಡಂತೆ ಹಲವೆಡೆ ಬಳಕೆಗೆ ಬಂದಿರುತ್ತದೆ. ಈ ತಂತ್ರಜ್ಞಾನದ ಸ್ವರೂಪ, ಅದರಿಂದ ಹೈನುಗಾರರಿಗೆ ಆಗಬಹುದಾದ ಪ್ರಯೋಜನ, ಅದರ ಮಿತಿಗಳು ಹಾಗೂ ಘಟಕ ಸ್ಥಾಪಿಸಲಿಚ್ಛಿಸುವವರು ಪಡೆಯಬೇಕಾದ ಅನುಮತಿಗಳ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

2. ಸೂಕ್ಷ್ಮಜೀವಿ ಪ್ರೋಟೀನ್ ಎಂದರೇನು?

ಬ್ಯಾಕ್ಟೀರಿಯಾ, ಯೀಸ್ಟ್, ಶಿಲೀಂಧ್ರ ಹಾಗೂ ಪಾಚಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾಡಿದಾಗ ದೊರೆಯುವ ಪ್ರೋಟೀನ್‌ಯುಕ್ತ ಪದಾರ್ಥವನ್ನು ಸೂಕ್ಷ್ಮಜೀವಿ ಪ್ರೋಟೀನ್ ಅಥವಾ ಏಕಕೋಶ ಪ್ರೋಟೀನ್ ಎಂದು ಕರೆಯಲಾಗುತ್ತದೆ. ಏಕಕೋಶ ಪ್ರೋಟೀನ್ ಎಂಬ ಹೆಸರು 1966ರಿಂದ ಬಳಕೆಯಲ್ಲಿದೆ.

ಇದು ಹೈನುಗಾರರಿಗೆ ಅಪರಿಚಿತವಾದ ಸಂಗತಿಯೇನಲ್ಲ. ಹಸುವಿನ ಮೆಲುಕು ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಅವು ಹುಲ್ಲನ್ನು ಜೀರ್ಣಿಸಿಕೊಂಡು ಬೆಳೆಯುತ್ತವೆ. ಆ ಜೀವಿಗಳೇ ಮುಂದೆ ಕರುಳಿಗೆ ಸಾಗಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಹಸುವಿನ ಕರುಳಿಗೆ ತಲುಪುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಈ ಮೂಲದ್ದೇ ಆಗಿರುತ್ತದೆ. ಹಸುವಿನ ಹೊಟ್ಟೆಯೊಳಗೆ ಹುಲ್ಲಿನಿಂದ ನಡೆಯುವ ಕಾರ್ಯವನ್ನು ಕಾರ್ಖಾನೆಯ ತೊಟ್ಟಿಯೊಳಗೆ ಅನಿಲದಿಂದ ನಡೆಸುವುದೇ ಪ್ರಸ್ತುತ ತಂತ್ರಜ್ಞಾನದ ಸಾರಾಂಶವಾಗಿದೆ.

3. ಬಳಸಬಹುದಾದ ಅನಿಲಗಳು ಮತ್ತು ಸೂಕ್ಷ್ಮಜೀವಿಗಳು

ಅ) ಮೀಥೇನ್: ನೈಸರ್ಗಿಕ ಅನಿಲ, ಗೋಬರ್ ಅನಿಲ, ಸಕ್ಕರೆ ಕಾರ್ಖಾನೆಯ ಮಡ್ಡಿ ಹಾಗೂ ಡಿಸ್ಟಿಲರಿ ತ್ಯಾಜ್ಯ ನೀರಿನಿಂದ ಬರುವ ಅನಿಲ, ನಗರದ ಕಸದ ರಾಶಿಯಿಂದ ಏಳುವ ಅನಿಲ, ಇವುಗಳ ಮುಖ್ಯ ಅಂಶ ಮೀಥೇನ್. ಇದನ್ನು ಆಹಾರವಾಗಿ ಬಳಸುವ ಮೀಥೈಲೋಕಾಕಸ್ ಕ್ಯಾಪ್ಸುಲೇಟಸ್ ಎಂಬ ಬ್ಯಾಕ್ಟೀರಿಯಾದ ಹೆಸರಾಂತ ತಳಿಯೊಂದನ್ನು ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಿಂದ ಪಡೆಯಲಾಗಿದೆ. ಇದು ಸುಮಾರು 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಆ) ಇಂಗಾಲದ ಮಾನಾಕ್ಸೈಡ್: ಉಕ್ಕಿನ ಕಾರ್ಖಾನೆಯ ಊದು ಕುಲುಮೆಯಿಂದ ಹೊರಬರುವ ಅನಿಲದಲ್ಲಿ ಇದು ಹೇರಳವಾಗಿರುತ್ತದೆ. ಮನುಷ್ಯರಿಗೆ ಮಾರಕವಾದ ಈ ಅನಿಲವನ್ನು ಕ್ಲಾಸ್ಟ್ರಿಡಿಯಂ ಆಟೋಎಥನೋಜೀನಮ್ ಎಂಬ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದ ಪರಿಸರದಲ್ಲಿ ಬಳಸಿಕೊಂಡು ಎಥನಾಲ್ ತಯಾರಿಸುತ್ತದೆ. ಎಥನಾಲ್ ಬೇರ್ಪಡಿಸಿದ ನಂತರ ಉಳಿಯುವ ಬ್ಯಾಕ್ಟೀರಿಯಾ ರಾಶಿಯೇ ಪ್ರೋಟೀನ್ ಆಗುತ್ತದೆ.

ಇ) ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ: ಜಲಜನಕವನ್ನು ಶಕ್ತಿಯ ಮೂಲವಾಗಿಯೂ ಇಂಗಾಲದ ಡೈಆಕ್ಸೈಡನ್ನು ಇಂಗಾಲದ ಮೂಲವಾಗಿಯೂ ಬಳಸುವ ಬ್ಯಾಕ್ಟೀರಿಯಾಗಳಿವೆ. ಈ ವಿಧಾನದಲ್ಲಿ ಜಲಜನಕ ತಯಾರಿಸಲು ತಗಲುವ ವಿದ್ಯುತ್ತೇ ಮುಖ್ಯ ವೆಚ್ಚವಾಗಿರುತ್ತದೆ.

ಈ) ಸ್ಪಿರುಲಿನಾ: ಇದು ಬಿಸಿಲು ಮತ್ತು ಇಂಗಾಲದ ಡೈಆಕ್ಸೈಡಿನಿಂದ ಬೆಳೆಯುವ ನೀಲಿ-ಹಸಿರು ಪಾಚಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು (ಸಿ.ಎಫ್.ಟಿ.ಆರ್.ಐ.) ಇದರ ಬೇಸಾಯ ಹಾಗೂ ಆಹಾರ ಬಳಕೆಯ ಕುರಿತು ದಶಕಗಳಿಂದ ಕಾರ್ಯನಿರ್ವಹಿಸಿದೆ. ಸೂಕ್ಷ್ಮಜೀವಿ ಪ್ರೋಟೀನ್ ಕನ್ನಡ ನಾಡಿಗೆ ಮೊದಲು ಪರಿಚಯವಾದದ್ದು ಬಹುಮಟ್ಟಿಗೆ ಈ ರೂಪದಲ್ಲಿಯೇ.

4. ತಯಾರಿಕೆಯ ಹಂತಗಳು

ಮೀಥೇನ್ ವಿಧಾನದ ಹಂತಗಳು ಈ ಕೆಳಕಂಡಂತಿರುತ್ತವೆ.

(1) ಅನಿಲದ ಶುದ್ಧೀಕರಣ: ಜಲಜನಕದ ಸಲ್ಫೈಡ್ ಮುಂತಾದ ಕಲ್ಮಶಗಳನ್ನು ತೆಗೆಯಲಾಗುತ್ತದೆ.

(2) ಹುದುಗುವಿಕೆ: ಮುಚ್ಚಿದ ಉಕ್ಕಿನ ತೊಟ್ಟಿಯಲ್ಲಿ ನೀರು, ಅಮೋನಿಯ, ರಂಜಕ, ತಾಮ್ರ ಹಾಗೂ ಕಬ್ಬಿಣದ ಲವಣಗಳೊಂದಿಗೆ ಬ್ಯಾಕ್ಟೀರಿಯಾವನ್ನು ಬೆರೆಸಿ, ಮೀಥೇನ್ ಮತ್ತು ಆಮ್ಲಜನಕವನ್ನು ನಿರಂತರವಾಗಿ ಹಾಯಿಸಲಾಗುತ್ತದೆ. ಅಮೋನಿಯದಲ್ಲಿರುವ ಸಾರಜನಕವೇ ಪ್ರೋಟೀನಿನ ಸಾರಜನಕವಾಗಿ ಮಾರ್ಪಡುತ್ತದೆ.

(3) ತಂಪುಗೊಳಿಸುವಿಕೆ: ಈ ಕ್ರಿಯೆಯಲ್ಲಿ ವಿಪರೀತ ಶಾಖ ಉತ್ಪತ್ತಿಯಾಗುವುದರಿಂದ ತೊಟ್ಟಿಯನ್ನು ಸದಾ ತಂಪಾಗಿಡಬೇಕಾಗುತ್ತದೆ.

(4) ಬೇರ್ಪಡಿಸುವಿಕೆ: ಬೆಳೆದ ಬ್ಯಾಕ್ಟೀರಿಯಾವನ್ನು ನೀರಿನಿಂದ ಬೇರ್ಪಡಿಸಿ, ಶಾಖದಿಂದ ನಿರ್ಜೀವಗೊಳಿಸಿ, ಒಣಗಿಸಿ ಪುಡಿ ಅಥವಾ ಗುಳಿಗೆ ಮಾಡಲಾಗುತ್ತದೆ.

ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ದುಪ್ಪಟ್ಟಾಗುವುದರಿಂದ ದಿನವೂ ಕೊಯ್ಲು ಸಾಧ್ಯ. ಸೋಯಾ ಬೆಳೆಗೆ ಸುಮಾರು ಮೂರು ತಿಂಗಳು ಹಾಗೂ ಮಳೆ ಬೇಕು. ಅನಿಲ ಪ್ರೋಟೀನಿಗೆ ಬೇಸಾಯದ ಭೂಮಿಯ ಅಗತ್ಯವಿಲ್ಲ. ಆದರೆ ಮೀಥೇನ್ ನೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದ ಅದನ್ನು ಬ್ಯಾಕ್ಟೀರಿಯಾಕ್ಕೆ ತಲುಪಿಸಲು ಶಕ್ತಿಶಾಲಿ ಪಂಪುಗಳು ಹಾಗೂ ವಿಶೇಷ ವಿನ್ಯಾಸದ ತೊಟ್ಟಿಗಳು ಬೇಕಾಗುತ್ತವೆ. ತಂತ್ರಜ್ಞಾನದ ಬಹುಪಾಲು ವೆಚ್ಚ ಇರುವುದು ಇಲ್ಲಿಯೇ.

5. ಇತರೆ ದೇಶಗಳ ಅನುಭವ

ಬ್ರಿಟನ್ನಿನ ಐ.ಸಿ.ಐ. ಕಂಪನಿಯು 1980ರ ಸುಮಾರಿಗೆ ಬಿಲಿಂಗ್‌ಹ್ಯಾಮ್‌ನಲ್ಲಿ ಮೆಥನಾಲ್ ಆಧಾರಿತ ಪ್ರೋಟೀನ್ ಕಾರ್ಖಾನೆಯನ್ನು ಆರಂಭಿಸಿತ್ತು. ತಾಂತ್ರಿಕವಾಗಿ ಯಶಸ್ವಿಯಾದರೂ, ಅಗ್ಗದ ಸೋಯಾ ಹಿಂಡಿಯೊಂದಿಗೆ ಸ್ಪರ್ಧಿಸಲಾಗದೆ ಅದು ನಿಂತುಹೋಯಿತು. ನಾರ್ವೆಯ ಟ್ಯೆಲ್ಡ್‌ಬರ್ಗೊಡ್ಡೆನ್‌ನಲ್ಲಿ ವರ್ಷಕ್ಕೆ 10,000 ಟನ್ ಸಾಮರ್ಥ್ಯದ ನೈಸರ್ಗಿಕ ಅನಿಲ ಆಧಾರಿತ ಘಟಕವು 1990ರ ದಶಕದ ಕೊನೆಯಲ್ಲಿ ಆರಂಭಗೊಂಡು 2000ರ ದಶಕದಲ್ಲಿ ಮುಚ್ಚಿತು. ಎರಡೂ ಪ್ರಕರಣಗಳಲ್ಲಿ ವಿಜ್ಞಾನವು ಸರಿಯಾಗಿತ್ತು, ಆದರೆ ಮಾರುಕಟ್ಟೆಯ ಲೆಕ್ಕ ಸರಿಹೊಂದಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಚೀನಾದಲ್ಲಿ ಶೌಗಾಂಗ್ ಉಕ್ಕು ಸಂಸ್ಥೆಯ ತ್ಯಾಜ್ಯ ಅನಿಲದಿಂದ ಎಥನಾಲ್ ತಯಾರಿಸುವ ಘಟಕವು 2018ರಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಘಟಕಗಳಲ್ಲಿ ಉಳಿಯುವ ಬ್ಯಾಕ್ಟೀರಿಯಾ ಪ್ರೋಟೀನನ್ನು ಮೇವಿನ ಪದಾರ್ಥವಾಗಿ ಬಳಸಲು ಆ ದೇಶದ ಕೃಷಿ ಸಚಿವಾಲಯವು 2021ರಲ್ಲಿ ಅನುಮೋದನೆ ನೀಡಿತು. ಚೋಂಗ್‌ಕಿಂಗ್‌ನಲ್ಲಿ ಮೀನು ಮೇವಿಗಾಗಿ ಮೀಥೇನ್‌ನಿಂದ ಪ್ರೋಟೀನ್ ತಯಾರಿಸುವ, ವಾರ್ಷಿಕ 20,000 ಟನ್ ಸಾಮರ್ಥ್ಯದ ಘಟಕವು 2022ರಲ್ಲಿ ಆರಂಭವಾಯಿತು. ಫಿನ್ಲೆಂಡಿನ ಸೋಲಾರ್ ಫುಡ್ಸ್ ಸಂಸ್ಥೆಯ ಜಲಜನಕ ಆಧಾರಿತ ಪ್ರೋಟೀನಿಗೆ 2022ರಲ್ಲಿ ಸಿಂಗಪುರವು ಮಾನವ ಆಹಾರವಾಗಿ ಅನುಮತಿ ನೀಡಿದ್ದು, ಸದರಿ ಸಂಸ್ಥೆಯ ಕಾರ್ಖಾನೆಯು 2024ರಲ್ಲಿ ಕಾರ್ಯಾರಂಭ ಮಾಡಿತು.

6. ಕರ್ನಾಟಕದಲ್ಲಿ

ಮೀಥೇನ್‌ನಿಂದ ಪ್ರೋಟೀನ್ ತಯಾರಿಸುವ ಕಾರ್ಯದಲ್ಲಿ ಬೆಂಗಳೂರಿನ ಸ್ಟ್ರಿಂಗ್ ಬಯೋ ಸಂಸ್ಥೆಯು ದೇಶದಲ್ಲಿ ಗಮನಾರ್ಹ ಹೆಸರು ಪಡೆದಿದೆ. ಇದನ್ನು 2013ರಲ್ಲಿ ಎಳಿಲ್ ಸುಬ್ಬಿಯನ್ ಮತ್ತು ವಿನೋದ್ ಕುಮಾರ್ ಅವರು ಸ್ಥಾಪಿಸಿದರು. ಮೀಥೇನನ್ನು ಬ್ಯಾಕ್ಟೀರಿಯಾದ ಮೂಲಕ ಪಶು ಹಾಗೂ ಮೀನು ಮೇವಿನ ಪ್ರೋಟೀನ್ ಆಗಿ ಪರಿವರ್ತಿಸುವುದು ಹಾಗೂ ಬೆಳೆಗಳಿಗೆ ಸಿಂಪಡಿಸುವ ಜೈವಿಕ ಉತ್ತೇಜಕಗಳನ್ನು ತಯಾರಿಸುವುದು ಸದರಿ ಸಂಸ್ಥೆಯ ಕಾರ್ಯಕ್ಷೇತ್ರವಾಗಿದೆ.

ರಾಜ್ಯದಲ್ಲಿ ಇಂತಹ ಅನಿಲಗಳ ಮೂಲಗಳಿಗೆ ಕೊರತೆಯಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ಕಾರ್ಖಾನೆ, ಮಂಗಳೂರಿನ ತೈಲ ಸಂಸ್ಕರಣಾಗಾರ, ಸಕ್ಕರೆ ಕಾರ್ಖಾನೆಗಳು ಹಾಗೂ ಡಿಸ್ಟಿಲರಿಗಳು ಇದಕ್ಕೆ ಉದಾಹರಣೆ. ಉಕ್ಕು ಕಾರ್ಖಾನೆಗಳಲ್ಲಿ ಈ ಅನಿಲವನ್ನು ವಿದ್ಯುತ್ ಹಾಗೂ ಶಾಖಕ್ಕಾಗಿ ಉರಿಸುವುದು ರೂಢಿಯಲ್ಲಿದೆ. ಆದ್ದರಿಂದ "ತ್ಯಾಜ್ಯ ಅನಿಲ ಉಚಿತ" ಎಂಬ ಭಾವನೆ ಸರಿಯಲ್ಲ. ಪ್ರೋಟೀನಿಗಾಗಿ ತೆಗೆದ ಅನಿಲದ ಬದಲಿಗೆ ಕಾರ್ಖಾನೆಯು ಬೇರೆ ಇಂಧನವನ್ನು ಕೊಳ್ಳಬೇಕಾಗುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆಯು ಹರಿಯಾಣದ ಪಾಣಿಪತ್ ಸಂಸ್ಕರಣಾಗಾರದಲ್ಲಿ ತ್ಯಾಜ್ಯ ಅನಿಲದಿಂದ ಎಥನಾಲ್ ತಯಾರಿಸುವ ಘಟಕವನ್ನು ಸ್ಥಾಪಿಸಿದೆ.

ಕೇಂದ್ರ ಸಚಿವ ಸಂಪುಟವು ಆಗಸ್ಟ್ 2024ರಲ್ಲಿ ಅನುಮೋದಿಸಿದ ಬಯೋ-ಇ3 ನೀತಿಯಲ್ಲಿ ಹೊಸ ಬಗೆಯ ಪ್ರೋಟೀನ್‌ಗಳು ಹಾಗೂ ಇಂಗಾಲವನ್ನು ಸೆರೆಹಿಡಿದು ಬಳಸುವ ವಿಷಯ ಎರಡನ್ನೂ ಆದ್ಯತಾ ಕ್ಷೇತ್ರಗಳಾಗಿ ಗುರುತಿಸಲಾಗಿದೆ.

7. ಪಶು ಆಹಾರವಾಗಿ ಇದರ ಉಪಯುಕ್ತತೆ

ಅಂದಾಜು ಪ್ರೋಟೀನ್ ಪ್ರಮಾಣ (ಶೇಕಡ):

ಕಡಲೆಕಾಯಿ ಹಿಂಡಿ: 40 ರಿಂದ 45
ಸೋಯಾ ಹಿಂಡಿ: 44 ರಿಂದ 48
ಮೀನಿನ ಪುಡಿ: 55 ರಿಂದ 65
ಮೀಥೇನ್ ಬ್ಯಾಕ್ಟೀರಿಯಾ ಪುಡಿ: ಸುಮಾರು 70

ಮೇಲ್ನೋಟಕ್ಕೆ ಅನಿಲ ಪ್ರೋಟೀನ್ ಅತ್ಯುತ್ತಮವೆಂದು ಕಂಡುಬಂದರೂ, ಯಾವ ಪ್ರಾಣಿಗೆ ಎಂಬುದು ಮುಖ್ಯವಾದ ಪ್ರಶ್ನೆ. ಮೀನು, ಸೀಗಡಿ ಹಾಗೂ ಕೋಳಿಗಳಿಗೆ ಮೆಲುಕು ಚೀಲವಿಲ್ಲ. ಅವುಗಳಿಗೆ ಉತ್ತಮ ಗುಣಮಟ್ಟದ ಪ್ರೋಟೀನನ್ನು ಮೇವಿನಲ್ಲಿಯೇ ಒದಗಿಸಬೇಕು. ಕರಾವಳಿಯಲ್ಲಿ ಮೀನಿನ ಪುಡಿಗಾಗಿ ಬೂತಾಯಿ ಮುಂತಾದ ಸಣ್ಣ ಮೀನುಗಳನ್ನು ಬಳಸುವುದರಿಂದ ಅದರ ಬದಲಿ ಪದಾರ್ಥಕ್ಕೆ ಬೇಡಿಕೆಯಿದೆ. ಆದ್ದರಿಂದಲೇ ಈ ಉದ್ಯಮವು ಜಗತ್ತಿನಾದ್ಯಂತ ಮೊದಲು ಮೀನು ಮೇವಿನತ್ತ ಗಮನಹರಿಸಿದೆ.

ಹಸು, ಎಮ್ಮೆಗಳು ತಮ್ಮ ಹೊಟ್ಟೆಯಲ್ಲಿಯೇ ಸೂಕ್ಷ್ಮಜೀವಿ ಪ್ರೋಟೀನ್ ತಯಾರಿಸಿಕೊಳ್ಳುವುದರಿಂದ, ಸಾಧಾರಣ ಹಾಲು ನೀಡುವ ರಾಸುಗಳಿಗೆ ಹಿಂಡಿ, ಬೂಸ, ಹಸಿರು ಮೇವು ಹಾಗೂ ಸಮತೋಲಿತ ಪಶು ಆಹಾರವೇ ಸಾಕಾಗುತ್ತದೆ. ಹೆಚ್ಚಿನ ಬೆಲೆ ತೆತ್ತು ಅನಿಲ ಪ್ರೋಟೀನ್ ಖರೀದಿಸುವ ಅಗತ್ಯ ಅವುಗಳಿಗಿಲ್ಲ. ಕರ್ನಾಟಕ ಹಾಲು ಮಹಾಮಂಡಳಿಯ ಪಶು ಆಹಾರ ಘಟಕವು ಹಾಸನದಲ್ಲಿಯೇ ಇದ್ದು, ಹಾಲು ಉತ್ಪಾದಕರ ಸಹಕಾರ ಸಂಘಗಳ ಮೂಲಕ ಪಶು ಆಹಾರ ಲಭ್ಯವಿರುತ್ತದೆ. ಮೀನು ಹಾಗೂ ಕೋಳಿ ಉದ್ಯಮಗಳು ಅನಿಲ ಪ್ರೋಟೀನಿಗೆ ಬದಲಾದಲ್ಲಿ ಸೋಯಾ ಹಾಗೂ ಹಿಂಡಿಗಳ ಮೇಲಿನ ಒತ್ತಡ ತಗ್ಗಬಹುದು. ಹೈನುಗಾರರಿಗೆ ಮುಖ್ಯವಾಗಿ ಆಗಬಹುದಾದ ಪ್ರಯೋಜನ ಈ ಪರೋಕ್ಷ ಮಾರ್ಗದ್ದಾಗಿದೆ.

8. ಗೋಬರ್ ಅನಿಲ ಘಟಕ ಹೊಂದಿರುವವರ ಗಮನಕ್ಕೆ

ಮನೆಯ ಗೋಬರ್ ಅನಿಲದಿಂದ ಪ್ರೋಟೀನ್ ತಯಾರಿಸಬಹುದೇ ಎಂಬ ಪ್ರಶ್ನೆಗೆ ಈ ಕೆಳಗಿನ ಅಂದಾಜು ಲೆಕ್ಕವು ಉತ್ತರ ನೀಡುತ್ತದೆ.

2 ಘನ ಮೀಟರ್ ಸಾಮರ್ಥ್ಯದ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ ಬೇಕು. ಇದು 4 ರಿಂದ 5 ರಾಸುಗಳಿಂದ ದೊರೆಯುತ್ತದೆ. ಅದರ ಅನಿಲದಲ್ಲಿ ಮೀಥೇನ್ ಶೇಕಡ 60ರಷ್ಟಿದ್ದಲ್ಲಿ, ದಿನಕ್ಕೆ ಸುಮಾರು 0.8 ಕಿಲೋ ಮೀಥೇನ್ ದೊರೆಯುತ್ತದೆ. 1 ಕಿಲೋ ಒಣ ಬ್ಯಾಕ್ಟೀರಿಯಾ ಪುಡಿಗೆ 2 ಕಿಲೋ ಮೀಥೇನ್ ಬೇಕೆಂದು ಲೆಕ್ಕ ಹಿಡಿದರೆ, ದೊರೆಯುವುದು 400 ಗ್ರಾಂ ಪುಡಿ, ಅಂದರೆ ಸುಮಾರು 280 ಗ್ರಾಂ ಪ್ರೋಟೀನ್. ಇಷ್ಟು ಪ್ರೋಟೀನ್ ಒಂದು ಕಿಲೋಗಿಂತ ಕಡಿಮೆ ಕಡಲೆಕಾಯಿ ಹಿಂಡಿಯಲ್ಲಿ ಇರುತ್ತದೆ. ಅದೇ ಅನಿಲವು 4 ರಿಂದ 5 ಜನರ ಕುಟುಂಬದ ದಿನದ ಅಡುಗೆಗೆ ಸಾಕಾಗುತ್ತದೆ.

ವರ್ಷಕ್ಕೆ 10,000 ಟನ್ ಪುಡಿ ತಯಾರಿಸುವ ಕಾರ್ಖಾನೆಗೆ ಇಂತಹ 68 ಸಾವಿರಕ್ಕೂ ಹೆಚ್ಚು ಮನೆ ಘಟಕಗಳ ಅನಿಲ ಬೇಕಾಗುತ್ತದೆ. ಆದ್ದರಿಂದ ಇದು ಮನೆಯ ಮಟ್ಟದಲ್ಲಿ ಮಾಡುವ ಉದ್ಯೋಗವಲ್ಲ. ಅನಿಲದ ದೊಡ್ಡ ಮೂಲದ ಪಕ್ಕದಲ್ಲಿಯೇ ಸ್ಥಾಪಿಸಬೇಕಾದ ಉದ್ಯಮ. ಮನೆಯ ಗೋಬರ್ ಅನಿಲವನ್ನು ಅಡುಗೆಗೂ, ಬಗ್ಗಡವನ್ನು ಗೊಬ್ಬರಕ್ಕೂ ಬಳಸುವುದೇ ಲಾಭದಾಯಕ.

ಎಚ್ಚರಿಕೆ: ಗಾಳಿಯಲ್ಲಿ ಮೀಥೇನ್ ಶೇಕಡ 5 ರಿಂದ 15ರಷ್ಟಿದ್ದಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಗೋಬರ್ ಅನಿಲಕ್ಕೆ ಗಾಳಿ ಅಥವಾ ಆಮ್ಲಜನಕ ಬೆರೆಸಿ ಪ್ರಯೋಗ ಮಾಡುವುದು ಪ್ರಾಣಾಪಾಯಕರವಾಗಿದ್ದು, ಯಾರೂ ಇದಕ್ಕೆ ಮುಂದಾಗಬಾರದು.

9. ಘಟಕ ಸ್ಥಾಪಿಸಲು ಅಗತ್ಯವಾದ ಅನುಮತಿಗಳು

(1) ಉದ್ಯಮ ನೋಂದಣಿ: ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.

(2) ಯೋಜನಾ ಅನುಮೋದನೆ: ರೂ. 15 ಕೋಟಿವರೆಗಿನ ಬಂಡವಾಳದ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯು ಪರಿಶೀಲಿಸುತ್ತದೆ. ಅರ್ಜಿದಾರರು ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸುವುದು. ಹೆಚ್ಚಿನ ಬಂಡವಾಳದ ಯೋಜನೆಗಳಿಗೆ ಕರ್ನಾಟಕ ಉದ್ಯೋಗ ಮಿತ್ರದ ಮೂಲಕ ರಾಜ್ಯ ಮಟ್ಟದ ಅನುಮೋದನೆ ಪಡೆಯತಕ್ಕದ್ದು.

(3) ಜಮೀನು: ಕೃಷಿ ಜಮೀನಾಗಿದ್ದಲ್ಲಿ ಭೂ ಪರಿವರ್ತನೆಗೆ ಸಂಬಂಧಿಸಿದ ನಿಯಮಗಳನ್ನು ಪಾಲಿಸತಕ್ಕದ್ದು.

(4) ಪರಿಸರ: ಜಲ ಕಾಯ್ದೆ 1974 ಹಾಗೂ ವಾಯು ಕಾಯ್ದೆ 1981ರ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮೊದಲು ಸ್ಥಾಪನಾ ಸಮ್ಮತಿ, ನಂತರ ಕಾರ್ಯಾಚರಣೆ ಸಮ್ಮತಿ ಪಡೆಯತಕ್ಕದ್ದು.

(5) ಸುರಕ್ಷತೆ: ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಹಾಗೂ ಅಗ್ನಿಶಾಮಕ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ. ಒತ್ತಡದಲ್ಲಿ ಅನಿಲ ಸಂಗ್ರಹಿಸುವುದಾದಲ್ಲಿ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿಯ ಬಗ್ಗೆ ವಿಚಾರಿಸತಕ್ಕದ್ದು.

(6) ಮಾನವ ಆಹಾರ: ಹೊಸ ಬಗೆಯ ಆಹಾರವನ್ನು ಮಾನವ ಬಳಕೆಗೆ ಮಾರಾಟ ಮಾಡುವ ಮೊದಲು, 2017ರ ವಿನಿಯಮಗಳಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪೂರ್ವಾನುಮೋದನೆ ಕಡ್ಡಾಯ.

(7) ಕುಲಾಂತರಿ ಜೀವಿಗಳು: ತಳಿಗುಣ ಮಾರ್ಪಡಿಸಿದ ಸೂಕ್ಷ್ಮಜೀವಿ ಬಳಸುವುದಾದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯ 1989ರ ನಿಯಮಗಳಂತೆ ಅನುಮತಿ ಪಡೆಯತಕ್ಕದ್ದು.

ಯೋಜನಾ ವರದಿಯೊಂದಿಗೆ ಅನಿಲ ಪೂರೈಕೆಯ ಒಪ್ಪಂದ, ಅನಿಲದ ವಿಶ್ಲೇಷಣಾ ವರದಿ, ನೀರು ಹಾಗೂ ವಿದ್ಯುತ್ ಲಭ್ಯತೆಯ ವಿವರ, ತ್ಯಾಜ್ಯ ನೀರಿನ ನಿರ್ವಹಣಾ ವಿಧಾನ ಮತ್ತು ಖರೀದಿದಾರರ ವಿವರಗಳನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಅನಿಲ ಪೂರೈಕೆಯ ಲಿಖಿತ ಒಪ್ಪಂದವಿಲ್ಲದೆ ಜಮೀನು ಖರೀದಿಸುವುದಾಗಲಿ, ಸಾಲ ಪಡೆಯುವುದಾಗಲಿ ಸೂಕ್ತವಲ್ಲ.

10. ಖರೀದಿಸುವವರು ಗಮನಿಸಬೇಕಾದ ಅಂಶಗಳು

ಅ) ಚೀಲದ ಮೇಲೆ ನಮೂದಿಸುವ "ಕಚ್ಚಾ ಪ್ರೋಟೀನ್" ಪ್ರಮಾಣವನ್ನು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪಡೆಯಲಾಗುತ್ತದೆ. ಯೂರಿಯ ಬೆರೆಸಿದರೂ ಈ ಸಂಖ್ಯೆ ಏರುತ್ತದೆ. ಬ್ಯಾಕ್ಟೀರಿಯಾ ಪುಡಿಯಲ್ಲಿರುವ ನ್ಯೂಕ್ಲಿಯಿಕ್ ಆಮ್ಲದ ಸಾರಜನಕವೂ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ಕೇವಲ ಈ ಸಂಖ್ಯೆಯನ್ನು ನೋಡಿ ಖರೀದಿಸಬಾರದು.

ಆ) ಪಶು ಆಹಾರಕ್ಕೆ ಭಾರತೀಯ ಮಾನಕ ಐ.ಎಸ್. 2052 ಇದೆ. ಚೀಲದ ಮೇಲೆ ಐ.ಎಸ್.ಐ. ಗುರುತು, ತಯಾರಕರ ವಿಳಾಸ, ತಯಾರಿಕೆಯ ದಿನಾಂಕ ಹಾಗೂ ತಂಡದ ಸಂಖ್ಯೆಯನ್ನು ಪರಿಶೀಲಿಸಿ, ರಸೀದಿ ಪಡೆಯತಕ್ಕದ್ದು.

ಇ) ಬೆಲೆಯನ್ನು ಚೀಲದ ಲೆಕ್ಕದಲ್ಲಿ ಹೋಲಿಸದೆ ಪ್ರೋಟೀನಿನ ಲೆಕ್ಕದಲ್ಲಿ ಹೋಲಿಸಬೇಕು. ಉದಾಹರಣೆಗೆ, ಶೇಕಡ 45 ಪ್ರೋಟೀನಿನ ಹಿಂಡಿಗೆ ಕಿಲೋಗೆ ರೂ. 45 ಇದ್ದಲ್ಲಿ ಒಂದು ಕಿಲೋ ಪ್ರೋಟೀನಿಗೆ ರೂ. 100 ಬೀಳುತ್ತದೆ. ಶೇಕಡ 70ರ ಪುಡಿಗೆ ಕಿಲೋಗೆ ರೂ. 105 ಇದ್ದಲ್ಲಿ ಅದೇ ಪ್ರೋಟೀನಿಗೆ ರೂ. 150 ಬೀಳುತ್ತದೆ. (ಈ ಬೆಲೆಗಳು ಲೆಕ್ಕದ ವಿವರಣೆಗಾಗಿ ಮಾತ್ರ.)

ಈ) ಯಾವುದೇ ಹೊಸ ಆಹಾರವನ್ನು ರಾಸುಗಳಿಗೆ ಒಮ್ಮೆಲೇ ನೀಡದೆ, ಪಶುವೈದ್ಯಾಧಿಕಾರಿಗಳ ಸಲಹೆ ಪಡೆದು ಹಂತ ಹಂತವಾಗಿ ನೀಡುವುದು.

11. ಪ್ರಶ್ನೋತ್ತರ

ಪ್ರಶ್ನೆ: ಪಶು ಆಹಾರಕ್ಕಾಗಿ ತಯಾರಿಸಿದ ಪುಡಿಯನ್ನು ಮನುಷ್ಯರು ಸೇವಿಸಬಹುದೇ?
ಉತ್ತರ: ಸೇವಿಸಬಾರದು. ಬ್ಯಾಕ್ಟೀರಿಯಾದಲ್ಲಿ ನ್ಯೂಕ್ಲಿಯಿಕ್ ಆಮ್ಲ ಹೆಚ್ಚಾಗಿದ್ದು, ಅದು ಮನುಷ್ಯರ ದೇಹದಲ್ಲಿ ಯೂರಿಕ್ ಆಮ್ಲವಾಗಿ ಕೀಲುನೋವು ಹಾಗೂ ಮೂತ್ರಕೋಶದ ಕಲ್ಲುಗಳಿಗೆ ಕಾರಣವಾಗಬಹುದು. ಮಾನವ ಆಹಾರಕ್ಕೆ ಇದನ್ನು ಸಂಸ್ಕರಿಸಿ ತಗ್ಗಿಸಬೇಕಾಗುತ್ತದೆ. ರಾಸುಗಳ ದೇಹವು ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಪದಾರ್ಥವನ್ನಾಗಿ ಮಾರ್ಪಡಿಸಿ ಹೊರಹಾಕುತ್ತದೆ.

ಪ್ರಶ್ನೆ: ಇದರಿಂದ ವಾತಾವರಣಕ್ಕೆ ಪ್ರಯೋಜನವಿದೆಯೇ?
ಉತ್ತರ: ಗಾಳಿಗೆ ಸೇರಿಹೋಗುವ ಮೀಥೇನನ್ನು ಬಳಸಿದಲ್ಲಿ ಪ್ರಯೋಜನವಿದೆ, ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಭೂಗರ್ಭದಿಂದ ಹೊಸದಾಗಿ ತೆಗೆದ ಅನಿಲವನ್ನು ಬಳಸಿದಲ್ಲಿ ಈ ಪ್ರಯೋಜನ ದೊರೆಯುವುದಿಲ್ಲ.

ಪ್ರಶ್ನೆ: ಮುಂಗಡ ಹಣ ಪಡೆದು ಮನೆಯಲ್ಲಿಯೇ ಅನಿಲ ಪ್ರೋಟೀನ್ ಘಟಕ ಹಾಕಿಕೊಡುವುದಾಗಿ ಹೇಳಿದರೆ ಏನು ಮಾಡಬೇಕು?
ಉತ್ತರ: ಹಣ ನೀಡುವ ಮೊದಲು 8ನೇ ಅಂಶದ ಲೆಕ್ಕವನ್ನು ಹಾಗೂ 9ನೇ ಅಂಶದ ಅನುಮತಿಗಳನ್ನು ಮುಂದಿಟ್ಟು ವಿಚಾರಿಸುವುದು. ಲಿಖಿತ ಉತ್ತರ ದೊರೆಯದಿದ್ದಲ್ಲಿ ವ್ಯವಹರಿಸಬಾರದು.

12. ಹೆಚ್ಚಿನ ಮಾಹಿತಿಗಾಗಿ

ಪಶು ಆಹಾರದ ಕುರಿತು ಸಮೀಪದ ಪಶುವೈದ್ಯ ಆಸ್ಪತ್ರೆ ಹಾಗೂ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು, ಕೃಷಿ ಸಲಹೆಗಾಗಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಆಹಾರ ಪದಾರ್ಥಗಳ ಪರೀಕ್ಷೆಗಾಗಿ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯನ್ನು, ಉದ್ಯಮ ಸ್ಥಾಪನೆಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆದು, ಅದರಲ್ಲಿನ ಸಂಖ್ಯೆಯನ್ನು ಕಾಪಾಡಿಕೊಳ್ಳತಕ್ಕದ್ದು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಸದರಿ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದಾಗಿದೆ.